ಚಿಗವ್ವನ ಕುಂಡದ ಹೆಣ್ಣುಮಕ್ಕಳು

ನಮ್ಮ ಚಿಗವ್ವ ಹಾವು ಹಂಚುತ್ತಾಳೆ. ಮಾರುತ್ತಾಳೆ ಎಂದು ಬರೆದರೆ ಅರಣ್ಯ ಇಲಾಖೆಯವರು ಬಂದಾರು, ಅದಕ್ಕೇ ಹಂಚುತ್ತಾಳೆ ಎಂದೆ. ಕಮಲಾಪುರದಲ್ಲಿ ಅವಳ ಮನೆಯ ಹಿತ್ತಲ ಗೇಟಿಗೆ ‘ಇಲ್ಲಿ ಹೂವಿನ ಗಿಡಗಳು ದೊರೆಯುತ್ತವೆ’ ಎಂಬ ಬೋರ್ಡು ತೂಗುಬಿದ್ದಿದೆ. ಅದು ಅರ್ಧ ಸತ್ಯ. ಗಿಡಕ್ಕೆ ದುಡ್ಡು, ಹಾವು ಪುಕ್ಕಟೆ. ಹೊಸಪೇಟೆಯ ನಿಮ್ಮ ಮನೆಯ ಬಚ್ಚಲಿನಲ್ಲಿ ಎಂದಾದರೂ ಎರೆಹುಳುವಿನಂಥದ್ದೊಂದು ಕರ್ರಗೆ ಮಿರಮಿರ ಮಿಂಚುತ್ತಾ, ಎರೆಹುಳುವಿಗೆ ಇರಬಾರದಷ್ಟು ಅವಸರದಲ್ಲಿ ಹರಿದಾಡಿದ್ದನ್ನು ಕಂಡಿದ್ದರೆ ಗಾಬರಿಯಾಗಬೇಡಿ. ಅದು ನಮ್ಮ ತವರಿನ ಕಡೆಯದು.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನಿವೃತ್ತಿ ಸಂಬಳಕ್ಕೆ ಮಾತ್ರ ಆಯಿತು, ಪಾಠಕ್ಕೆ ಆಗಲಿಲ್ಲ. ಶಾಲೆಯಲ್ಲಾದರೆ ಗಂಟೆ ಹೊಡೆದ ಕೂಡಲೇ ನಿಲ್ಲಿಸಬೇಕಿತ್ತು. ಹಿತ್ತಲಿನಲ್ಲಿ ಗಂಟೆ ಹೊಡೆಯುವವರು ಯಾರು? ಕೇಳುತ್ತ ಕುಳಿತವರೇ ಬಸ್ಸು ತಪ್ಪುತ್ತದೆ ಎಂದು ಸುಳ್ಳು ಹೇಳಿ ಎದ್ದು ಬರಬೇಕು. ಅದಕ್ಕೂ ಅವಳು “ಬಸ್ಸು ಇನ್ನೂ ಹಂಪಿ ಬಿಟ್ಟಿಲ್ಲ, ಕುಂದ್ರು” ಎನ್ನುತ್ತಾಳೆ. ಹಂಪಿಯಿಂದ ಬರುವ ಬಸ್ಸುಗಳ ವೇಳೆಯೆಲ್ಲ ಅವಳಿಗೆ ಬಾಯಿಪಾಠ.

ಪಾಠದ ವಿಷಯವೂ ಒಂದೇ, ಕುರುಡು ಹಾವು. ಹೆಸರು ಕೇಳಿ ಹೆಡೆಯೆತ್ತಿದ ನಾಗಪ್ಪನನ್ನು ನೆನೆಸಿಕೊಳ್ಳಬೇಡಿ. ಇದರ ಉದ್ದ ಒಂದು ಗೇಣಿಗೂ ಕಡಿಮೆ. ದಪ್ಪ ಬಾಲ್‌ಪೆನ್ನಿನ ರೀಫಿಲ್ಲಿನಷ್ಟು. ವಿಷ ಇಲ್ಲವೇ ಇಲ್ಲ. ಬಾಯಿ ಎಷ್ಟು ಚಿಕ್ಕದೆಂದರೆ, ಕಚ್ಚಲೇಬೇಕೆಂದು ಹಟ ಹಿಡಿದರೂ ನಮ್ಮ ಚರ್ಮಕ್ಕೆ ಏನೂ ಆಗದು. ಮಣ್ಣಿನೊಳಗೆ, ಕುಂಡದ ಬುಡದಲ್ಲಿ, ಕೊಳೆತ ಎಲೆಯ ಕೆಳಗೆ ಅದರ ಸಂಸಾರ. ಇರುವೆಯ ಮೊಟ್ಟೆ, ಗೆದ್ದಲಿನ ಮರಿ ಅದರ ಊಟ. ಕಣ್ಣು ಎಂದು ಎರಡು ಚುಕ್ಕೆ ಇವೆ, ಅವೂ ಹುರುಪೆಯ ಕೆಳಗೆ ಮುಚ್ಚಿಕೊಂಡಿವೆ. ಬೆಳಕು ಇದೆಯೋ ಇಲ್ಲವೋ ಎಂಬುದಷ್ಟೇ ಅದಕ್ಕೆ ತಿಳಿಯುತ್ತದಂತೆ. ಬೆಳಕು ಇದ್ದರೆ ತಿರುಗಿ ಮಣ್ಣಿಗೆ ಹೋಗಿಬಿಡುತ್ತದೆ. ಇಂಥ ಬಡಪಾಯಿ ಪ್ರಾಣಿಗೆ ಹೆದರುವವರು ಯಾರಾದರೂ ಇರುತ್ತಾರೆಯೇ?

ಇದ್ದಾರೆ. ನಾನು.

ಅದಕ್ಕೆ ಕಾರಣ ನನ್ನ ಅವ್ವ. ನಮ್ಮ ಕಡೆ ಈ ಹಾವಿಗೆ ಮಲಗಿದವರ ಕಿವಿಯೊಳಗೆ ಹೋಗುತ್ತದೆ ಎಂಬ ಅಪಖ್ಯಾತಿ ಇದೆ. ಕಂಪ್ಲಿಯ ನಮ್ಮ ಮನೆಯಲ್ಲಿ ಮಳೆಗಾಲ ಶುರುವಾಯಿತೆಂದರೆ ಅವ್ವ ಮಲಗುವ ಮೊದಲು ನನ್ನ ಎರಡೂ ಕಿವಿಗೆ ಹತ್ತಿ ತುರುಕುತ್ತಿದ್ದಳು. ಬೆಳಿಗ್ಗೆ ಅವಳೇ “ಏಳು, ಸಾಲಿಗೆ ಹೊತ್ತಾತು” ಎಂದು ಕೂಗುವಳು. ನನಗೆ ಕೇಳುತ್ತಿರಲಿಲ್ಲ. ಆಮೇಲೆ ಕೇಳಿಸಲಿಲ್ಲವೆಂದು ಅವಳೇ ಬೆನ್ನಿಗೆ ಒಂದು ಹಾಕುವಳು. ಈಗ ನಾನು ಹೊಸಪೇಟೆಯಲ್ಲಿ ಬ್ಯಾಂಕಿನ ಕೌಂಟರಿನಲ್ಲಿ ಕೂರುವವಳು, ಎಂಥೆಂಥವರನ್ನೋ ನಿಭಾಯಿಸುತ್ತೇನೆ. ಚಿಗವ್ವನ ಮನೆಯಲ್ಲಿ ಮಧ್ಯಾಹ್ನ ಸ್ವಲ್ಪ ಅಡ್ಡಾಗಬೇಕಾದರೂ ಕಿವಿಗೆ ಹತ್ತಿ ಬೇಕು.

“ನಿನ್ನ ಕಿವಿಯಾಗ ಇರುವಿ ಮೊಟ್ಟಿ ಐತೇನಲೇ?” ಎಂದು ಚಿಗವ್ವ ಕೇಳುತ್ತಾಳೆ.

“ಇಲ್ಲ.”

“ಗೆದ್ದಲ ಹತ್ತೈತೇನು?”

“ಇಲ್ಲ.”

“ಮತ್ತ ಅಲ್ಲಿ ಬಂದು ಏನು ಮಾಡಬೇಕದು? ನಿನ್ನ ಬ್ಯಾಂಕಿನ ಸುದ್ದಿ ಕೇಳಬೇಕೇನು?”

ತರ್ಕ ಸರಿಯಾಗಿಯೇ ಇದೆ. ಆದರೆ ಭಯ ಯಾವತ್ತು ತರ್ಕದ ಮಾತು ಕೇಳಿದೆ? ನಾನು ಹತ್ತಿಯನ್ನು ಇನ್ನಷ್ಟು ಒಳಗೆ ಒತ್ತಿಕೊಂಡು ಮಲಗುತ್ತೇನೆ. ಹಾಗೆ ಮಲಗಿದರೆ ಅವಳ ಪಾಠವೂ ಕೇಳುವುದಿಲ್ಲ ಎಂಬುದು ಬೇರೆ ಲಾಭ.

ಒಮ್ಮೆ ಹೊಸಪೇಟೆಯಿಂದ ಒಬ್ಬ ಹೆಣ್ಣುಮಗಳು ಆಟೋ ಮಾಡಿಕೊಂಡು ಬಂದಿಳಿದಳು. ಕಂಕುಳಲ್ಲಿ ದಾಸವಾಳದ ಕುಂಡ, ಮುಖದ ತುಂಬ ಸಿಟ್ಟು. ಆವತ್ತು ನಾನೂ ಅಲ್ಲೇ ಇದ್ದೆ.

“ಟೀಚರ್, ಇದರಾಗಿಂದ ಹಾವು ಬಂತ್ರಿ. ಬಚ್ಚಲದಾಗ ಹರದಾಡಾಕತ್ತಿತ್ತು. ನಮ್ಮನಿಯವ್ರು ಜಳಕಕ್ಕ ಹೋದವ್ರು ಹಂಗ ಹೊರಗ ಓಡಿ ಬಂದ್ರು.”

ಚಿಗವ್ವ ಕನ್ನಡಕ ಮೇಲೇರಿಸಿದಳು. “ಹಂಗ ಅಂದ್ರ?”

“ಹಂಗ ಅಂದ್ರ ಹಂಗರಿ. ಪಡಸಾಲ್ಯಾಗ ನಮ್ಮ ಅತ್ತಿ ಗೆಳತ್ಯಾರು ಕುಂತಿದ್ರು.”

ನಾನು ನಗು ತಡೆಯಲಾರದೆ ಗುಲಾಬಿ ಗಿಡದ ಹಿಂದೆ ಹೋದೆ. ಚಿಗವ್ವನ ಮುಖದಲ್ಲಿ ಮಾತ್ರ ಒಂದು ಗೆರೆಯೂ ಅಲುಗಲಿಲ್ಲ. ಅವಳ ಚಿಂತೆ ಬೇರೆಯೇ ಇತ್ತು.

“ಈಗ ಹಾವು ಎಲ್ಲೈತ್ರಿ?”

“ನೀರು ಹೊಡದು ಮೋರಿಗೆ ಬಿಟ್ವಿ.”

“ಬರೇ ಕುಂಡ ವಾಪಸ್ ತಂದ್ರ ಹೆಂಗ್ರಿ ಅಕ್ಕಾರ? ನಾ ಎರಡೂ ಕೂಡಿಸಿ ಕೊಟ್ಟಿದ್ದು. ಹೋಗಿ ಅದನ್ನೂ ಕರಕೊಂಡು ಬರ್ರಿ, ತಗೋತೀನಿ.”

ಬಂದವಳು ಬಾಯಿ ತೆರೆಯುವುದರೊಳಗೆ ಕುರ್ಚಿ ಬಂತು, ಚಹಾ ಬಂತು, ಹಿಂದೆಯೇ ಪಾಠ ಬಂತು. ಎರೆಹುಳುವಿನ ಮೈಯಲ್ಲಿ ಉಂಗುರಗಳಿರುತ್ತವೆ, ಇದರ ಮೈ ನುಣುಪು. ಎರೆಹುಳು ಒದ್ದೆ, ಇದು ಒಣ. ಎರೆಹುಳುವಿಗೆ ನಾಲಿಗೆ ಇಲ್ಲ, ಇದು ಕೂದಲೆಳೆಯಂಥ ಸೀಳು ನಾಲಿಗೆ ಚಾಚುತ್ತದೆ. ಗೆದ್ದಲಿನ ಮಾತು ಬಂದಾಗ ಆ ಹೆಣ್ಣುಮಗಳು ಚಹಾದ ಲೋಟ ಕೆಳಗಿಟ್ಟು ನೆಟ್ಟಗೆ ಕುಳಿತಳು. ಅವಳ ಮನೆಯ ತಲೆಬಾಗಿಲಿನ ಚೌಕಟ್ಟಿಗೆ ಗೆದ್ದಲು ಹತ್ತಿತ್ತಂತೆ. ಹೋಗುವಾಗ ದಾಸವಾಳದ ಕುಂಡವನ್ನೂ ತೆಗೆದುಕೊಂಡಳು, ಒಂದು ಮಲ್ಲಿಗೆಯ ಕುಂಡವನ್ನೂ ಕೊಂಡಳು. ಗೇಟಿನವರೆಗೆ ಹೋದವಳು ತಿರುಗಿ ನಿಂತು ದನಿ ತಗ್ಗಿಸಿ ಕೇಳಿದಳು, “ಟೀಚರ್, ಇದರಾಗೂ ಒಂದು ಇರತೈತೇನ್ರಿ?”

“ಗ್ಯಾರಂಟಿ ಕೊಡಂಗಿಲ್ಲರಿ. ನಿಮ್ಮ ನಸೀಬು.”

ಅಷ್ಟಕ್ಕೂ ಹಾವು ಕುಂಡ ಸೇರುವುದು ಹೇಗೆ? ಅಲ್ಲಿಯೇ ಚಿಗವ್ವನ ತಲೆ ಕೆಟ್ಟಿರುವುದು ಗೊತ್ತಾಗುವುದು. ನಮ್ಮ ಕಡೆ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿ ತುಂಬುತ್ತಾರೆ. ಮಗಳು ಸೆರಗು ಚಾಚಿ ಹಿಡಿಯಬೇಕು. ಹೆಂಗಸರು ಅದರಲ್ಲಿ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಕುಪ್ಪಸದ ಬಟ್ಟೆ ಹಾಕಬೇಕು. ಒಂದು ಕಾಳೂ ನೆಲಕ್ಕೆ ಚೆಲ್ಲದಂತೆ ಅದನ್ನು ಹಿಡಿದುಕೊಂಡು ಮಗಳು ಹೊಸ್ತಿಲು ದಾಟಬೇಕು. ಚೆಲ್ಲಿದರೆ ತವರಿಗೆ ಒಳ್ಳೆಯದಲ್ಲ ಎನ್ನುತ್ತಾರೆ. ಚಿಗವ್ವ ಕುಂಡಗಳಿಗೆ ಉಡಿ ತುಂಬುತ್ತಾಳೆ! ಹಿತ್ತಲಿನ ಬೇವಿನ ಮರದ ಬುಡದಲ್ಲಿ ಎಲೆಗೊಬ್ಬರದ ಗುಂಡಿಯಿದೆ. ಕುಂಡ ಯಾರ ಕೈಗೆ ಹೋಗುವುದಿದ್ದರೂ ಆ ಗುಂಡಿಯಿಂದ ಬೊಗಸೆ ತುಂಬ ಗೊಬ್ಬರ ತಂದು ಗಿಡದ ಬುಡಕ್ಕೆ ಹಾಕಿ, “ಹೋಗಿ ಬಾ ತಂಗಿ, ತವರುಮನಿ ಮರೀಬ್ಯಾಡ” ಎಂದು ಗಿಡದ ತಲೆ ಸವರುತ್ತಾಳೆ. ಕೊಳ್ಳಲು ಬಂದವರು ಮುಖ ಮುಖ ನೋಡಿಕೊಳ್ಳುತ್ತಾರೆ. ತಮಗೇನೋ ಬೀಗರ ಪಟ್ಟ ಬಂದಂತೆ ಕೆಲವರು ಕೈಮುಗಿದದ್ದೂ ಉಂಟು.

ಆ ಗೊಬ್ಬರದ ಗುಂಡಿಯೇ ಕುರುಡು ಹಾವುಗಳ ಊರು. ಒಂದು ದಿನ ಅವಳು ಬೊಗಸೆಯ ಗೊಬ್ಬರವನ್ನು ನನ್ನ ಮುಂದೆ ಹಿಡಿದು ಭೂತಗನ್ನಡಿಯಲ್ಲಿ ತೋರಿಸಿದಳು. ಕಪ್ಪು ಮಣ್ಣಿನಲ್ಲಿ ಬೆಳ್ಳಗೆ ಉದ್ದುದ್ದ ಎರಡು ಮೂರು ಕಾಳು.

“ಏನಿವು?”

“ಮೊಟ್ಟಿ. ಥೇಟ್ ಅಕ್ಕಿ ಕಾಳಿನಂಗ ಇಲ್ಲೇನು? ನೋಡು, ಉಡ್ಯಾಗ ಅಕ್ಕಿನೂ ಐತಿ.”

“ಚಿಗವ್ವಾ, ಗೊತ್ತಿದ್ದೂ ಇದನ್ನ ಮಂದಿ ಮನಿಗೆ ಕಳಸ್ತೀಯಲ್ಲ, ತಪ್ಪಲ್ಲೇನು?”

“ಮತ್ತ ಬರಿಗೈಲೆ ಹೆಂಗ ಕಳಿಸೋದಲೇ?” ಎಂದಳು. ಅವಳಿಗೆ ನಿಜವಾಗಿಯೂ ನನ್ನ ಪ್ರಶ್ನೆ ಅರ್ಥವಾಗಿರಲಿಲ್ಲ.

ಅವಳ ಹಾವಿನ ಖ್ಯಾತಿ ಊರು ದಾಟಿ ಹೋಗುವಾಗ ದಾರಿಯಲ್ಲಿ ಸ್ವಲ್ಪ ಕೆಟ್ಟಿತು. ಹಿಂದೂ ಮುಂದೂ ಒಂದೇ ಥರ ಇರುವ ಹಾವು ಎಂದು ಯಾರೋ ಹೇಳಿದರು, ಕೇಳಿದವರು ಎರಡು ತಲೆಯ ಹಾವು ಎಂದುಕೊಂಡರು. ಎರಡು ತಲೆ ಹಾವು ಮನೆಯಲ್ಲಿದ್ದರೆ ಲಕ್ಷ್ಮಿ ಒದ್ದುಕೊಂಡು ಬರುತ್ತಾಳೆ ಎಂದು ನಂಬಿ ಮಣ್ಣುಮುಕ್ಕ ಹಾವುಗಳನ್ನು ಕದ್ದು ಸಾಗಿಸುವ ಮಂದಿ ಇದ್ದಾರೆ. ಅಂಥವರಿಬ್ಬರು ಒಂದು ಬೆಳಿಗ್ಗೆ ಕಪ್ಪು ಗಾಜಿನ ಕಾರಿನಲ್ಲಿ ಬಂದರು. ಒಬ್ಬನ ಕೊರಳಲ್ಲಿ ಹಗ್ಗದಂಥ ಸರ, ಇನ್ನೊಬ್ಬನ ಕೊರಳಲ್ಲಿ ಅದಕ್ಕಿಂತ ದಪ್ಪದ್ದು.

“ಅಮ್ಮಾ, ಮಾಲು ಐತಂತ ಕೇಳಿದ್ವಿ. ತೋರಸ್ರಿ.”

“ಐತಿ, ಕುಂದ್ರಿ,” ಎಂದಳು ಚಿಗವ್ವ. ಅವರಿಬ್ಬರೂ ಒಬ್ಬರಿಗೊಬ್ಬರು ಕಣ್ಣು ಹೊಡೆದು, ಮೊಬೈಲ್ ತೆಗೆದು ಯಾರಿಗೋ ಸಂದೇಶ ಕಳಿಸಿ ಕುಳಿತರು. ಚಿಗವ್ವ ತಟ್ಟೆಯಲ್ಲಿ ಗೊಬ್ಬರ ತಂದು ಅದರಿಂದ ಒಂದು ಕುರುಡು ಹಾವನ್ನು ಅಂಗೈಗೆ ಬಿಟ್ಟುಕೊಂಡಳು. ದಪ್ಪ ಸರದವನು ಅಂಗೈ ನೋಡಿದ, ತಟ್ಟೆ ನೋಡಿದ, ಮತ್ತೆ ಅಂಗೈ ನೋಡಿದ.

“ಇದು ಹುಳ ಅಲ್ಲೇನ್ರಿ?”

ಕೇಳಬಾರದ ಪ್ರಶ್ನೆಯನ್ನು ಕೇಳಿಬಿಟ್ಟ. ಪಾಠ ಶುರುವಾಯಿತು. ತಲೆ ಯಾವುದು, ಬಾಲ ಯಾವುದು, ಬಾಲದ ತುದಿಗೆ ಒಂದು ಸಣ್ಣ ಮುಳ್ಳು ಏಕಿದೆ, ಹಿಡಿದವರ ಕೈಗೆ ಅದನ್ನು ಒತ್ತಿ ಹೇಗೆ ಹೆದರಿಸುತ್ತದೆ, ಆ ಮುಳ್ಳು ಎಷ್ಟು ಮೊಂಡು ಎಂದರೆ ಚುಚ್ಚಿದ್ದು ಗೊತ್ತಾಗುವುದೇ ಕಷ್ಟ, ಅದೇ ಮುಳ್ಳನ್ನು ಮಣ್ಣಿಗೆ ಊರಿಕೊಂಡು ಮುಂದೆ ಹೇಗೆ ಸರಿಯುತ್ತದೆ. ನಡುವೆ ಎದ್ದೇಳಲು ಹೋದವನನ್ನು “ಪಾಠ ಮುಗಿದಿಲ್ಲ” ಎಂದು ಕೂರಿಸಿದಳು. ಕೊನೆಗೆ ಹಾವನ್ನು ಸಣ್ಣ ಸರದವನ ಮುಂದೆ ಹಿಡಿದು, “ಈಗ ಹೇಳ್ರಿ, ತಲಿ ಯಾವ ಕಡಿಗೈತಿ?” ಎಂದಳು. ಅವನು ಬಾಲವನ್ನು ತೋರಿಸಿದ.

“ಎರಡು ತಲಿ ಹುಡುಕಾಕ ಬಂದೀರಿ, ಇದ್ದ ಒಂದು ಸಿಗವಲ್ದು,” ಎಂದಳು ಚಿಗವ್ವ. “ಹಾವಿನ ತಲಿ ಇರಲಿ, ಹಾವು ಹಿಡದು ಮಾರೋದು ಕಾನೂನಿಗೆ ವಿರುದ್ಧ ಅನ್ನೋದಾದ್ರೂ ನಿಮ್ಮ ತಲ್ಯಾಗ ಐತೇನು?”

ಅವರು ಹೊರಟ ಅವಸರಕ್ಕೆ ಗೇಟು ಮುಚ್ಚಲಿಲ್ಲ. ಆದರೂ ಬರಿಗೈಯಲ್ಲಿ ಹೋಗಲು ಚಿಗವ್ವ ಬಿಡಬೇಕಲ್ಲ! ಹಿಂದೆಯೇ ಹೋಗಿ ಒಂದು ತುಳಸಿಯ ಕುಂಡವನ್ನು ಕಾರಿನ ಕಿಟಕಿಯಿಂದ ಒಳಗೆ ಇಟ್ಟಳು. ಅದಕ್ಕೂ ಉಡಿ ತುಂಬಿತ್ತು.

ಆದರೆ ಈ ಹಾವಿನ ವಿಷಯದಲ್ಲಿ ಚಿಗವ್ವ ಕೊನೆಗೆ ಉಳಿಸಿಕೊಂಡು, ಸಮಯ ನೋಡಿ ಬಿಡುಗಡೆ ಮಾಡುವ ಸಂಗತಿ ಬೇರೆಯೇ ಇದೆ. ಬುಕ್ಕಸಾಗರದಲ್ಲಿ ನೆಂಟರ ಮನೆಗೆ ಊಟಕ್ಕೆ ಹೋಗಿದ್ದೆವು. ಗಂಡಸರು ಉಂಡೆದ್ದು, ಹೆಂಗಸರು ಎಲೆಯ ಮುಂದೆ ಕುಳಿತಿದ್ದರು. ಹೋಳಿಗೆ ಬಡಿಸುವ ಹೊತ್ತಿಗೆ ಅವಳು ಹೇಳಿದಳು, “ಈ ಕುಲದಾಗ ಗಂಡ ಇಲ್ಲ.”

ಬಡಿಸುವವಳ ಕೈ ಅಲ್ಲೇ ನಿಂತಿತು. “ಯಾವ ಕುಲದಾಗವ್ವಾ?”

“ಕುರುಡು ಹಾವಿನ ಕುಲದಾಗ. ಜಗತ್ತಿನಾಗ ಎಲ್ಲೇ ಹುಡಕಿದ್ರೂ ಎಲ್ಲಾ ಹೆಣ್ಣ. ತಾಯಿ ಒಬ್ಬಾಕಿನ ಮೊಟ್ಟಿ ಇಡ್ತಾಳ, ಮೊಟ್ಟಿ ಒಡದು ಹೆಣ್ಣುಮಕ್ಕಳು ಬರ್ತಾವ. ಅವೂ ಹಂಗ. ಹಿಂಗಾಗೇ ಒಂದ ಒಂದು ಹಾವು ಒಂದು ಕುಂಡದಾಗ ಕುಂತು ಸಮುದ್ರ ದಾಟಿದ್ರೂ, ಅಲ್ಲಿ ಹೋಗಿ ಒಂದು ಊರ ಕಟ್ಟತೈತಿ.”

ಸಾಲಿನಲ್ಲಿದ್ದವರೆಲ್ಲ ಮನಸ್ಸಿನಲ್ಲೇ ಏನೇನೋ ಲೆಕ್ಕ ಹಾಕುತ್ತಿದ್ದಂತಿತ್ತು. ತುದಿಯಲ್ಲಿ ಕುಳಿತಿದ್ದ ಹಲ್ಲಿಲ್ಲದ ಅಜ್ಜಿಯೊಬ್ಬಳು ಕೇಳಿದಳು.

“ಮತ್ತ ಅಡಿಗಿ ಯಾರಿಗೆ ಮಾಡ್ತಾವ?”

“ತಮಗ ಮಾಡ್ಕೋತಾವ.”

“ಉಂಡ ಮ್ಯಾಲೆ ಮಕ್ಕೋತಾವೇನು?”

“ಮಕ್ಕೋತಾವ.”

“ಪುಣ್ಯ ಮಾಡ್ಯಾವ,” ಎಂದಳು ಅಜ್ಜಿ. ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಗಂಡಸರು ಈ ನಗು ಏನೆಂದು ಇಣುಕಿ ನೋಡಿದರು. ಯಾರೂ ಅವರಿಗೆ ಹೇಳಲಿಲ್ಲ.

ಇಷ್ಟು ಮಾತಾಡುವವಳು ಒಂದು ಜಾಗದಲ್ಲಿ ಮಾತ್ರ ಬಾಯಿ ಕಟ್ಟಿಕೊಳ್ಳುತ್ತಾಳೆ. ಸಂಡೂರಿನ ಕಡೆ ಗಣಿಯಲ್ಲಿ ಕೆಲಸಕ್ಕಿದ್ದ ಚಿಗಪ್ಪ, ಮದುವೆಯಾಗಿ ಇನ್ನೂ ವರ್ಷ ತುಂಬುವ ಮೊದಲೇ ಕಾಮಾಲೆಯಾಗಿ ತೀರಿಕೊಂಡನಂತೆ. ನಾನು ಅವನನ್ನು ನೋಡಿಲ್ಲ. ಆಗಿನಿಂದ ನಮ್ಮ ಮನೆತನದ ಯಾವ ಶುಭಕಾರ್ಯವಿದ್ದರೂ ಚಿಗವ್ವ ಹಿತ್ತಲಿನ ಉಸ್ತುವಾರಿ. ಹೂ ಕಟ್ಟುತ್ತಾಳೆ, ಬಾಳೆ ಎಲೆ ಕೊಯ್ಯುತ್ತಾಳೆ, ಅಡುಗೆಯವರ ಜೊತೆ ಜಗಳಾಡುತ್ತಾಳೆ. ಅರಿಶಿನ ಕುಂಕುಮ ಎನ್ನುವ ಮಾತು ಬಂದ ಕೂಡಲೇ ಅವಳಿಗೆ ಒಳಗೆ ಏನೋ ಕೆಲಸ ನೆನಪಾಗುತ್ತದೆ. ಉಡಿ ತುಂಬಲು ಗಂಡ ಇರುವ ಮುತ್ತೈದೆಯರೇ ಬೇಕು ಎಂಬುದು ವಾಡಿಕೆ. ಅವಳಿಗೆ ಯಾರೂ ಬರಬೇಡ ಎಂದಿಲ್ಲ. ಬಾ ಎಂದೂ ಯಾರೂ ಅಂದಿಲ್ಲ. ಅವಳು ಮನುಷ್ಯರಿಗೆ ಒಬ್ಬರಿಗೂ ಉಡಿ ತುಂಬಿಲ್ಲ ಎಂಬುದು ನನಗೆ ಹೊಳೆದದ್ದು ನನ್ನ ಕುಬಸದ ಹೊತ್ತಿಗೆ.

ಕುಬಸ ಎಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಉಡಿ ತುಂಬುವ ಕಾರ್ಯ. ನನಗೆ ಏಳನೇ ತಿಂಗಳು. ಅವ್ವ ಕಂಪ್ಲಿಯಿಂದ ಹೊಸಪೇಟೆಯ ನಮ್ಮ ಮನೆಗೆ ಅಕ್ಕಿಯ ಚೀಲ ಸಮೇತ ಬಂದಿಳಿದಿದ್ದಳು. ನನಗೆ ಒಂದೇ ಆಸೆಯಿತ್ತು. ಚಿಕ್ಕಂದಿನಿಂದ ನನ್ನನ್ನು ಎತ್ತಿ ಆಡಿಸಿ, ರಜೆಯ ತುಂಬ ಗದರಿಸಿ ಲೆಕ್ಕ ಕಲಿಸಿ, ನನ್ನ ಮದುವೆಯ ಊಟದ ಎಲೆಗಳನ್ನೆಲ್ಲ ತೊಳೆದು ಇಟ್ಟವಳು ಚಿಗವ್ವ. ಅವಳು ನನ್ನ ಉಡಿ ತುಂಬಬೇಕು. ಉಳಿದವರು ತುಂಬಿದರೂ ಸೈ, ಬಿಟ್ಟರೂ ಸೈ.

ಅತ್ತೆಯ ಹತ್ತಿರ ಮಾತೆತ್ತಿದೆ. ನಮ್ಮ ಅತ್ತೆ ಕೆಟ್ಟವರಲ್ಲ, ಹೂಂ ಎನ್ನಲಾರದ ಉಹೂಂ ಎನ್ನಲಾರದ ಸ್ವಭಾವ. ಅರ್ಧ ನಿಮಿಷ ಗೋಡೆ ನೋಡಿ, “ಚಾ ಕುಡೀತಿಯೇನವ್ವಾ?” ಎಂದರು. ಅವ್ವನನ್ನು ಕೇಳಿದೆ. “ನನ್ನ ತಂಗಿ ಅಕಿ, ನನಗ ಆಸಿ ಇಲ್ಲೇನು? ನಾ ಕರದ್ರೂ ಬರಂಗಿಲ್ಲ, ನೀನ ಕೇಳಿ ನೋಡು,” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸರಿ, ಕಮಲಾಪುರಕ್ಕೆ ನಾನೇ ಹೋದೆ.

ಚಿಗವ್ವ ಪೊರೆ ಬಿಡಲಿರುವ ಹಾವೊಂದನ್ನು ನೋಡುತ್ತ ಕುಳಿತಿದ್ದಳು. “ನೋಡಿಲ್ಲಿ, ಪೊರಿ ಬಿಡೋ ಮುಂದ ಹೆಂಗ ನೀಲಿ ಆಗೈತಿ. ನಿನ್ನ ಮಗಳಿಗೆ ಇಂಥಾ ಬಣ್ಣದ ಅಂಗಿ ಹೊಲಸಬೇಕು.”

“ಮಗಳಂತ ನಿನಗ ಹೆಂಗ ಗೊತ್ತು?”

“ನನಗ ಬರೇ ಹೆಣ್ಣಿನ ರೂಢಿ.”

“ಚಿಗವ್ವಾ, ಕುಬಸದಾಗ ನೀ ನನ್ನ ಉಡಿ ತುಂಬಬೇಕು.”

ಭೂತಗನ್ನಡಿ ಹಿಡಿದ ಕೈ ಅಲುಗಲಿಲ್ಲ. ಆದರೆ ಅವಳು ಹಾವನ್ನು ನೋಡುತ್ತಿರಲಿಲ್ಲ ಎಂಬುದು ನನಗೆ ತಿಳಿಯಿತು. “ನಂದೇನೈತವ್ವಾ ಅಲ್ಲಿ? ಐದು ಮಂದಿ ಮುತ್ತೈದೇರು ತುಂಬ್ತಾರ. ನಾ ಬಾಳಿ ಎಲಿ ನೋಡ್ಕೋತೀನಿ. ನಿನ್ನ ಕುರ್ಚಿ ಬಾಜೂಕ ಇಡಾಕ ಛಲೋ ಕುಂಡ ತರ್ತೀನಿ.”

ನನಗೆ ಸಿಟ್ಟು ಬಂತು. “ಗಂಡಿಲ್ಲದ ಕುಲ, ಜಗತ್ತೆಲ್ಲಾ ತುಂಬೈತಿ ಅಂತ ಊರೆಲ್ಲಾ ಸಾರತಿ. ನಿನ್ನ ಪಾಳಿ ಬಂದ್ರ ಬಾಳಿ ಎಲಿ ಅಂತಿ.”

ಚಿಗವ್ವ ನಕ್ಕಳು. “ಅದರ ಕಥಿ ಬ್ಯಾರೆ. ಹಾವಿಗೆ ಬೀಗರು ಇರಂಗಿಲ್ಲವ್ವಾ.”

ನಾನೂ ನಕ್ಕೆ. ಬಸ್ಸಿನಲ್ಲಿ ಕುಳಿತ ಮೇಲೆ ಅಳು ಬಂತು.

ಕುಬಸದ ದಿನ ಚಿಗವ್ವ ಟಂಟಂ ಗಾಡಿಯ ತುಂಬ ಕುಂಡಗಳನ್ನು ಹೇರಿಕೊಂಡು ಬೆಳಿಗ್ಗೆಯೇ ಬಂದಳು. ಹೂ ಬಿಟ್ಟ ದಾಸವಾಳ, ಸೇವಂತಿಗೆ, ಕನಕಾಂಬರ. ನನ್ನನ್ನು ಕೂರಿಸುವ ಕುರ್ಚಿಯ ಎರಡೂ ಬದಿಗೆ ಜೋಡಿಸಿದಳು. ನನ್ನ ತಲೆಯ ಮಲ್ಲಿಗೆ ಸರಿಪಡಿಸಿ, ಗದ್ದ ಹಿಡಿದು ನೋಡಿ, ಹೆಂಗಸರು ಬರುವ ಸದ್ದಾದ ಕೂಡಲೇ ಹಿತ್ತಲಿಗೆ ಹೋದಳು. ಅಡುಗೆಯವರ ಜೊತೆ ಅವಳು ಜಗಳಾಡುವುದು ನನಗೆ ಕೇಳಿಸುತ್ತಿತ್ತು. ಎಲೆಯ ತುದಿ ಎಡಕ್ಕೋ ಬಲಕ್ಕೋ ಎಂಬ ಬಗ್ಗೆ ಏನೋ ನಡೆದಿತ್ತು.

ಹಸಿರು ಸೀರೆಯಲ್ಲಿ ನಾನು ಕುಳಿತೆ. ಬಳೆ ಆಯಿತು, ಆರತಿ ಆಯಿತು, ಉಡಿ ತುಂಬುವುದು ಶುರುವಾಯಿತು. ಸೆರಗು ಚಾಚಿದೆ. ಮೂವರು ಬಂದು ತುಂಬಿ ಹೋದರು. ನಾಲ್ಕನೆಯವರು ಸಂಡೂರಿನಿಂದ ಬಂದಿದ್ದ ನನ್ನ ಗಂಡನ ಸೋದರತ್ತೆ, ಮೈಕೈ ತುಂಬಿದ ಹೆಂಗಸು. ಬೊಗಸೆಯಲ್ಲಿ ಅಕ್ಕಿ ಹಿಡಿದು ಬಾಗಿದವರು ಹಾಗೆಯೇ ನಿಂತರು.

“ಏನದು, ಸೇವಂತಿಗಿ ಬುಡಕ?”

ನನಗೆ ನೋಡುವ ಮೊದಲೇ ಗೊತ್ತಾಯಿತು. ತನ್ನ ಮನೆಯಿಂದ ನನ್ನ ಮನೆಗೆ ಹೊರಟ ಕುಂಡಗಳನ್ನು ಚಿಗವ್ವ ಬರಿಗೈಯಲ್ಲಿ ಕಳಿಸಿಯಾಳೇ?

ಆಮೇಲೆ ನಡೆದದ್ದನ್ನು ಅನುಕ್ರಮವಾಗಿ ಹೇಳುವುದು ಕಷ್ಟ. ಸೋದರತ್ತೆಯವರು ಸೋಫಾದ ಮೇಲೆ ಇದ್ದರು, ಹೇಗೆ ಹತ್ತಿದರೋ ಯಾರೂ ನೋಡಲಿಲ್ಲ. ನಮ್ಮ ಅತ್ತೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಿಂತಿದ್ದರು. ಓಡಿದವರ ಕಾಲು ತಾಗಿ ಸೇವಂತಿಗೆಯ ಕುಂಡ ಉರುಳಿ ಮಣ್ಣು ಚೆಲ್ಲಿತ್ತು. ಅದರ ನಡುವಿನಿಂದ ಕರ್ರಗಿನ ರೀಫಿಲ್ಲೊಂದು, ಅಷ್ಟು ದೊಡ್ಡ ಕೋಣೆಯಲ್ಲಿ ಬೇರೆ ಜಾಗವೇ ಇಲ್ಲವೆಂಬಂತೆ, ನನ್ನ ಪಾದದ ಕಡೆಗೇ ಹೊರಟಿತ್ತು. ಎಲ್ಲರೂ ಹತ್ತಿದರು. ಈ ಹೊಟ್ಟೆ ಹೊತ್ತು ನಾನು ಎಲ್ಲಿ ಹತ್ತಲಿ? ಕಿವಿಗೆ ಹತ್ತಿಯೂ ಇರಲಿಲ್ಲ.

“ಚಿಗವ್ವಾ,” ಎಂದು ಕೂಗಿದೆ.

ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಅವಳು ಹಿತ್ತಲಿನಿಂದ ಓಡಿ ಬಂದಳು. ನೆಟ್ಟಗೆ ನನ್ನ ಕಾಲ ಬಳಿ ಮಂಡಿಯೂರಿ, ಚೆಲ್ಲಿದ ಮಣ್ಣಿನ ಸಮೇತ ಹಾವನ್ನು ಬೊಗಸೆಯಲ್ಲಿ ಎತ್ತಿಕೊಂಡು ಎದ್ದು ನಿಂತಳು. ಸುತ್ತ ಕುರ್ಚಿಗಳ ಮೇಲೆ ಇಷ್ಟೊಂದು ಜನ ನಿಂತು ತನ್ನನ್ನೇ ನೋಡುತ್ತಿರುವುದು ಕಂಡರೆ ಪಾಠ ತಡೆಯುತ್ತದೆಯೇ?

“ಯಾಕ ಅಂಜತೀರಿ? ಪಾಪದ ಜೀವ. ಹೆಣ್ಣದು. ಇವರಾಗ ಎಲ್ಲಾ ಹೆಣ್ಣ...”

ಅಷ್ಟರಲ್ಲಿ ಅವಳಿಗೆ ತಾನು ನಿಂತ ಜಾಗ ಯಾವುದೆಂದು ತಿಳಿಯಿತು. ಹಸಿರು ಸೀರೆಯ ನಾನು, ಅರ್ಧ ತುಂಬಿದ ಉಡಿ, ಆರತಿಯ ತಟ್ಟೆ. ಮಾತು ಅಲ್ಲಿಗೇ ನಿಂತಿತು. ಅವಳು ಒಂದೊಂದೇ ಹೆಜ್ಜೆ ಅಡುಗೆಮನೆಯ ಬಾಗಿಲಿನ ಕಡೆಗೆ ಹಿಂದೆ ಸರಿಯತೊಡಗಿದಳು.

ನಾನು ಸೆರಗನ್ನು ಇನ್ನೂ ಮುಂದಕ್ಕೆ ಚಾಚಿದೆ. “ಚಿಗವ್ವಾ, ತುಂಬು.”

“ಕೈಯಾಗ ಮಣ್ಣೈತವ್ವಾ.”

“ಗೊತ್ತೈತಿ.”

“ಹಾವೂ ಐತಿ.”

“ಅದೂ ಗೊತ್ತೈತಿ.”

“ನಿನಗ ಅಂಜಿಕಿ.”

“ಮತ್ತ ಬರಿಗೈಲೆ ಕಳಸ್ತೀಯೇನು ನನ್ನ?”

ಚಿಗವ್ವ ನನ್ನನ್ನು ನೋಡಲಿಲ್ಲ. ಕುರ್ಚಿಯ ಮೇಲಿದ್ದ ಬೀಗರನ್ನು ನೋಡಿದಳು. ಜನ್ಮದಲ್ಲಿ ಹೂಂ ಉಹೂಂ ಎನ್ನದ ನಮ್ಮ ಅತ್ತೆ, ಎರಡೂ ಕೈಯಲ್ಲಿ ನೆರಿಗೆ ಎತ್ತಿ ಹಿಡಿದುಕೊಂಡು ಮೇಲಿನಿಂದಲೇ ಹೇಳಿದರು, “ತುಂಬ್ರಿ ಟೀಚರ್, ಜಲ್ದಿ ತುಂಬ್ರಿ. ಅದು ಮತ್ತ ಕೆಳಗ ಬಿತ್ತಂದ್ರ ನಾ ಇವತ್ತು ಇಳಿಯಂಗಿಲ್ಲ.”

ಯಾರೋ ನಕ್ಕರು. ಚಿಗವ್ವ ಮುಂದೆ ಬಂದು ಬೊಗಸೆಯನ್ನು ನನ್ನ ಸೆರಗಿನಲ್ಲಿ ಬಿಟ್ಟಳು. ಕಂಪ್ಲಿಯ ಬಿಳಿ ಅಕ್ಕಿಯ ಮೇಲೆ ಕಮಲಾಪುರದ ಕರಿ ಮಣ್ಣು ಬಿತ್ತು. ಅದರೊಳಗೆ ಹೊಳೆಯುತ್ತ ಅದು ಒಮ್ಮೆ ಸುತ್ತಿ ಅಕ್ಕಿಯ ಅಡಿಗೆ ಸೇರಿಕೊಂಡಿತು. ಅತ್ತೆ ಮೆಲ್ಲಗೆ ಕುರ್ಚಿಯಿಂದ ಇಳಿದರು. ಅಕ್ಕಿಯ ತಟ್ಟೆ ಎತ್ತಿಕೊಂಡು ಬಂದು ಚಿಗವ್ವನ ಮುಂದೆ ಹಿಡಿದರು. ಅವ್ವ ಬಾಗಿಲ ಬಳಿ ನಿಂತು ಅಳುತ್ತಿದ್ದಳು.

ಚಿಗವ್ವ ಮಣ್ಣು ಮೆತ್ತಿದ ಕೈಯಲ್ಲೇ ಅಕ್ಕಿ ತೆಗೆದುಕೊಂಡಳು. ನನ್ನ ಉಡಿಗೆ ಹಾಕಿದಳು. ನಾನು ಅವಳ ಹಿತ್ತಲಿನಲ್ಲಿ ಅದೆಷ್ಟೋ ಸಲ ಕೇಳಿದ್ದ ಮಾತನ್ನೇ ಶುರುಮಾಡಿದಳು.

“ಹೋಗಿ ಬಾ ತಂಗಿ...”

ಮುಂದಿನದು ಬರಲಿಲ್ಲ. ಬಸ್ಸು ತಪ್ಪುತ್ತದೆ ಎಂದರೂ ಪಾಠ ನಿಲ್ಲಿಸದವಳು ನನ್ನ ತಲೆ ಸವರುತ್ತ ನಿಂತಳು. ನನಗೂ ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ. ಸೆರಗಿನ ಒಳಗಿನಿಂದ ನನ್ನ ಬೆರಳಿಗೆ ಏನೋ ಮೊಂಡಾಗಿ ಚುಚ್ಚಿತು. ಬಾಲದ ಮುಳ್ಳು. ನಾನು ಕಿರುಚಲಿಲ್ಲ. ಉಡಿಯನ್ನು ಎದೆಗೆ ಒತ್ತಿ ಹಿಡಿದುಕೊಂಡೆ, ಒಂದು ಕಾಳೂ ಚೆಲ್ಲಲಿಲ್ಲ.